ರತ್ನಾಳ ಕೈಗೆ ಸೇರದ ನಾಟಕ

ಇಲ್ಲ... ಬೇರೆ ಯಾರೋ ರತ್ನಾ ಇರಬೇಕು ಅಂದುಕೊಂಡೆ.
ಬೆಳಿಗ್ಗೆ ಏಳಕ್ಕೆ ಕಾಲೇಜಿನ ಗ್ರೂಪಿನಲ್ಲಿ ಮೆಸೇಜ್ ನೋಡಿ ಅವಳಿಗೇ ಫೋನ್ ಮಾಡಿದೆ.
"ನೋಡು, ಯಾರೋ ಏನೋ ಹಾಕಿದ್ದಾರೆ" ಎಂದು ಹೇಳುವುದಕ್ಕೆ...
ಅವಳ ತಮ್ಮ ಎತ್ತಿದ.
"ಹೌದಕ್ಕಾ" ಅಂದ. ಅಷ್ಟೇ.

ಹಾರ್ಟ್ ಅಟ್ಯಾಕ್. ನಲವತ್ತಾರು ವರ್ಷ.
ಕೋಲಾರದ ನಮ್ಮ ಕಾಲೇಜಿನ ಕನ್ನಡ ಮೇಡಂ, ನನ್ನ ಗೆಳತಿ ರತ್ನಾ ಇನ್ನಿಲ್ಲ.

ಶ್ರೀನಿವಾಸಪುರದಲ್ಲಿ, ಅವಳ ತವರಿನ ಪಕ್ಕದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.
ಅವಳ ನಗು, ಅವಳ ಪಾಠ... ಅದನ್ನಷ್ಟೇ ಬರೆದು ಮುಗಿಸಬಹುದಿತ್ತು. ಆಗುತ್ತಿಲ್ಲ.

ಅವಳ ರಿಸರ್ಚ್ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತು.
ಮುಳಬಾಗಿಲಿನ ಶಾನುಭೋಗರ ಮನೆಯೊಂದರ ಸೊಸೆ ಸುಬ್ಬಲಕ್ಷ್ಮಮ್ಮ ಸುಮಾರು ನೂರು ವರ್ಷದ ಹಿಂದೆ ಒಂದು ನಾಟಕ ಬರೆದಿದ್ದರು.
ಅಚ್ಚಾಗಲಿಲ್ಲ.
ಒಂದು ಮಧ್ಯಾಹ್ನ, ಹಿಂದಿನ ಪಡಸಾಲೆಯಲ್ಲಿ, ಹೆಂಗಸರೇ ಮೀಸೆ ಬರೆದುಕೊಂಡು ಆಡಿದರಂತೆ.

ಕಥೆ ಇಷ್ಟೇ. ಗಂಡ ಸತ್ತ ಹುಡುಗಿಯೊಬ್ಬಳು ಅರಿಶಿನ-ಕುಂಕುಮದ ದಿನ ಮೂಲೆಯಿಂದ ಎದ್ದು ಬಂದು, ತಟ್ಟೆಯನ್ನು ತಾನೇ ಕೈಗೆತ್ತಿಕೊಳ್ಳುತ್ತಾಳೆ.
ತಡೆಯಲು ಬಂದ ಮಾವನನ್ನು ಎಲ್ಲರೆದುರು ಪ್ರಶ್ನೆ ಕೇಳುತ್ತಾಳೆ. ಕೊನೆಯ ಅಂಕ ಪೂರ್ತಿ ಅವಳ ಪ್ರಶ್ನೆಗಳೇ...

ರತ್ನಾ ಆರು ವರ್ಷ ಆ ಮನೆಗೆ ಓಡಾಡಿದಳು.
ಪುಸ್ತಕ ಹೊರಗೆ ಕೊಡುತ್ತಿರಲಿಲ್ಲ. ಫೋಟೋ ತೆಗೆಯುವಂತಿರಲಿಲ್ಲ.
ಅಲ್ಲೇ ಕೂತು ಕೈಯಲ್ಲಿ ನಕಲು ಮಾಡುತ್ತಿದ್ದಳು.
ಮೂರು ಅಂಕ ಮುಗಿದಿತ್ತು. ನಾಲ್ಕನೆಯದು ಬಾಕಿ.

ನಾಲ್ಕು ತಿಂಗಳ ಹಿಂದೆ ನಾನೂ ಜೊತೆಗೆ ಹೋಗಿದ್ದೆ.
ಹೊರಡುವಾಗ ಆ ಮನೆಯ ಅಜ್ಜಿ, ಸುಬ್ಬಲಕ್ಷ್ಮಮ್ಮನವರ ಸೊಸೆ, ತಾಂಬೂಲದ ತಟ್ಟೆ ತಂದರು.
ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ. ಅದರ ಮೇಲೆ... ಆ ಕೈಬರಹದ ಪುಸ್ತಕ.

ತಟ್ಟೆ ರತ್ನಾಳ ಕಡೆಗೇ ಹೊರಟಿತ್ತು.
ಅಜ್ಜಿ ಅರ್ಧದಲ್ಲೇ ಕೈ ತಡೆದರು. ರತ್ನಾ ಗಂಡನನ್ನು ಕಳೆದುಕೊಂಡವಳು ಎಂಬುದು ಅವರಿಗೆ ಗೊತ್ತಿತ್ತು.
ನನ್ನ ಹಣೆಗೆ ಕುಂಕುಮ ಇಟ್ಟು, ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು.
"ತೀಸ್ಕೋಮ್ಮಾ... ನೀನು ಇಸ್ಕೋ. ಇಬ್ಬರದ್ದೂ ಅಂತ ಇಟ್ಕೋ."
ನಾನು ತೆಗೆದುಕೊಂಡೆ. ಬಗ್ಗಿ ನಮಸ್ಕಾರವನ್ನೂ ಮಾಡಿದೆ.

ರತ್ನಾ... ನೀನು ಬಸ್ಸಿನಲ್ಲಿ ನಕ್ಕೆ.
"ಲೇ, ಆ ನಾಟಕಾನ ಇವತ್ತು ಕಣ್ಣಾರೆ ನೋಡ್ದೆ ಕಣೇ! ನಾನು ಎದ್ದು ತಟ್ಟೆ ಕಿತ್ಕೋಬೇಕಿತ್ತು. ಡೈಲಾಗೇ ಮರ್ತೋಯ್ತು!"
ನಾನೂ ನಕ್ಕೆ.
ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೀನು ಕೈ ಚಾಚಿದಾಗ ಮಾತ್ರ... ಕೊಡಲಿಲ್ಲ.
"ನನ್ನ ಕೈಗೆ ಕೊಟ್ಟಿದ್ದಾರೆ, ನಾನೇ ಜವಾಬ್ದಾರಿ. ಮನೆಯವರಿಂದ ಪರ್ಮಿಷನ್ ಲೆಟರ್ ಬರಲಿ" ಅಂದೆ.
ನಿನ್ನ ಮುಖ ಸಣ್ಣಗಾಯಿತು. ನೋಡಿದೆ. ಆದರೂ ಬ್ಯಾಗಿನ ಜಿಪ್ ಎಳೆದೆ.

ಅದು ಎಚ್ಚರಿಕೆಯೋ... ಅಜ್ಜಿ ನನ್ನನ್ನು ಆರಿಸಿದರು ಎಂಬ ಸಣ್ಣ ಹಮ್ಮೋ?
ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಹಳೆಯ ಕೈಬರಹದ ಒಂದು ಪುಟವನ್ನೂ ಸಲೀಸಾಗಿ ಓದಲು ಬರುವುದಿಲ್ಲ.
ಓದಬಲ್ಲ ನಿನ್ನನ್ನು ನಾಲ್ಕು ತಿಂಗಳು ಕಾಯಿಸಿದೆ.

ಕಳೆದ ಶುಕ್ರವಾರ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದೆಯಲ್ಲ...
"ಏನ್ ಮೇಡಂ, ನಿಮ್ಮ ಬೀರು ಮೂಲೇಲಿ ಆಯಮ್ಮ ಇನ್ನೂ ಎಷ್ಟು ದಿನ ಕೂತಿರ್ಬೇಕು?"
ಎಲ್ಲರೂ ನಕ್ಕರು. ನೀನು ನಗಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಅಜ್ಜಿಯ ಮಗನ ಫೋನ್ ಬಂತು.
"ವಿಷಯ ಕೇಳ್ದೆ ಮೇಡಂ, ತುಂಬಾ ಬೇಜಾರಾಯ್ತು... ಆ ಪುಸ್ತಕ ನಿಮ್ಮ ಹತ್ರಾನೇ ಇದೆ ಅಲ್ವಾ?"
"ಇದೆ."
"ಮಣ್ಣಿಗೆ ಬರ್ತಿದ್ದೀನಿ, ನಾಲ್ಕು ಗಂಟೆಗೆ. ಹಂಗೇ ಇಸ್ಕೊಂಡು ಹೋಗ್ತೀನಿ. ನಮ್ಮ ಮುತ್ತಾತನ್ನೇ ಮಾವನ ಪಾತ್ರ ಮಾಡಿ ಬರೆದಿದ್ದಾರೆ ನಮ್ಮಜ್ಜಿ ಸುಬ್ಬಲಕ್ಷ್ಮಮ್ಮ. ಊರೋರೆಲ್ಲ ಓದಿ ಆಡ್ಕೊಳ್ಳೋದು ಬೇಡ."
"ಅದು ನಿಮ್ಮಮ್ಮ ತಾಂಬೂಲದಲ್ಲಿ ಕೊಟ್ಟಿದ್ದು ಸಾರ್..."
"ನಿಮಗೆ ಕೊಟ್ಟಿದ್ದು. ಆಯಮ್ಮಂಗಲ್ಲ. ನೀವು ವಾಪಸ್ ಕೊಟ್ರೆ ಮುಗೀತು."

ಫೋನ್ ಇಟ್ಟೆ.
ನಾಲ್ಕು ತಿಂಗಳಿಂದ ನಾನು ಹೇಳುತ್ತಿದ್ದ ಮಾತನ್ನೇ ಅವರು ನನಗೆ ಹೇಳಿದ್ದರು.

ಅವರ ನೋವು ಸುಳ್ಳಲ್ಲ. ಮನೆಯ ಹಿರಿಯರ ಹೆಸರು ಅದು.
ಆದರೆ ಪುಸ್ತಕ ಇವತ್ತು ಹೋದರೆ ಕೊನೆಯ ಅಂಕ ಮತ್ತೆ ಯಾರಿಗೂ ಸಿಗುವುದಿಲ್ಲ. ಪ್ರಶ್ನೆಗಳೇ ಇಲ್ಲದ ನಾಟಕ ಉಳಿಯುತ್ತದೆ. ರತ್ನಾಳ ಆರು ವರ್ಷ ಅಲ್ಲಿಗೆ ಮುಗಿಯುತ್ತದೆ.

ಬೆಳಿಗ್ಗೆ ಹೊರಡುವಾಗ ಪುಸ್ತಕವನ್ನು ಬೀರುವಿನಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದೆ. ಈ ಮನೆಯವರನ್ನು ಕೇಳಿ, ಒಳಕೋಣೆಯ ಕಿಟಕಿ ಬಳಿ ಅದನ್ನು ಬಿಚ್ಚಿದೆ.
ಒಂದೊಂದೇ ಪುಟದ ಫೋಟೋ ತೆಗೆದೆ. ಅಕ್ಷರ ಸರಿಯಾಗಿ ಕಾಣದ ಕೆಲವನ್ನು ಎರಡೆರಡು ಸಲ...
ಎಲ್ಲವನ್ನೂ ರತ್ನಾಳ ರಿಸರ್ಚ್ ಸ್ಟೂಡೆಂಟ್ ಶೋಭಾಳಿಗೆ ಕಳುಹಿಸಿದೆ. ಅವಳು ಓದಬಲ್ಲಳು.
ಹತ್ತು ನಿಮಿಷದ ಹಿಂದೆ ಅವಳ ಮೆಸೇಜ್: "ಬಂತು ಮೇಡಂ. ಕೊನೇ ಪುಟದವರೆಗೂ ಇದೆ."

ಮಾಡಿದ್ದು ಸರಿಯೋ ತಪ್ಪೋ ಇನ್ನೂ ಗೊತ್ತಿಲ್ಲ.
ಕದ್ದು ಮಾಡಿದ ಹಾಗೆ ಆಗಬಾರದೆಂದೇ ಇಲ್ಲಿ, ನಿಮ್ಮೆಲ್ಲರೆದುರು ಬರೆಯುತ್ತಿದ್ದೇನೆ. ಅವರೂ ಓದಲಿ.
ನಾಲ್ಕು ಗಂಟೆಗೆ ಅವರಿಗೆ ಇಷ್ಟೇ ಹೇಳುತ್ತೇನೆ... ಪುಸ್ತಕವನ್ನು ಅಜ್ಜಿ ಕೇಳಿದರೆ ಅವರ ಕೈಗೇ ಕೊಡುತ್ತೇನೆ. ನಾಟಕ ಮಾತ್ರ ನಾಲ್ಕೂ ಅಂಕ ಅಚ್ಚಾಗುತ್ತದೆ. ಬರೆದವರು ಸುಬ್ಬಲಕ್ಷ್ಮಮ್ಮ, ಸಂಪಾದಕಿ ರತ್ನಾ. ನನ್ನ ಹೆಸರು ಎಲ್ಲಿಯೂ ಇರುವುದಿಲ್ಲ.

ತಡವಾಗಿ ಕೊಟ್ಟೆ ಕಣೇ... ತುಂಬಾ ತಡವಾಗಿ.

ಹೋಗಿ ಬಾ ರತ್ನಾ.
ನೆಮ್ಮದಿ ನಿನಗಿರಲಿ...
ಜಗಳ ನನಗಿರಲಿ.