ತಾರಸಿಯ ಮೇಲಿಟ್ಟ ಎಂಟು ಬಾಟಲಿ

ನಮ್ಮ ಮನೆಯಲ್ಲಿ ಒಂದು ಹಳೆಯ ತಮಾಷೆ ಇದೆ. ನೆಂಟರು ಸೇರಿ ಊಟ ಮುಗಿಯುವ ಹೊತ್ತಿಗೆ ಮಮ್ಮಿ ಅದನ್ನು ತೆಗೆಯುತ್ತಾರೆ. ನಮ್ಮ ದೊಡ್ಡವಳು ಮಸ್ಕತ್ತಿನಲ್ಲಿ ನೊಣಗಳನ್ನು ಹಪ್ಪಳದ ಹಾಗೆ ತಾರಸಿಯಲ್ಲಿ ಒಣಗಿಸಿದವಳು ಅಂತ. ಎಲ್ಲರೂ ನಗುತ್ತಾರೆ. ಕೊನೆಗೆ ಯಾರಾದರೊಬ್ಬರು ನನ್ನ ಬೆನ್ನು ತಟ್ಟಿ, ಅವಳಿಗೇನು ಗೊತ್ತಿತ್ತು ಬಿಡಿ ಅನ್ನುತ್ತಾರೆ. ಆ ಕನಿಕರ ನನಗೆ ಬೇಡ. ನನಗೆ ಗೊತ್ತಿತ್ತು.

ನಾನು ಕಲಿತದ್ದು ಏಳನೇ ಕ್ಲಾಸು, ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ. ಡ್ಯಾಡಿ, ಮಮ್ಮಿ ಒಮಾನಿಗೆ ಹೋಗುವಾಗ ಕೈಕೂಸು ತಂಗಿಯನ್ನು ಕರೆದುಕೊಂಡು ಹೋದರು, ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟರು. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ನನ್ನ ಶಾಲೆ ನಿಂತಿತು. ಅಜ್ಜಿ ತೀರಿಕೊಂಡ ಮೇಲೆ, ಮಸ್ಕತ್ತಿನ ಅಂಚಿನ ಸೀಬಿನಲ್ಲಿದ್ದ ಮನೆಗೆ ನನ್ನನ್ನೂ ಕರೆಸಿದರು. ಆಗ ನನಗೆ ಹತ್ತೊಂಬತ್ತು. ಹಗಲು ಮನೆ ನೋಡಲು ಜನ ಬೇಕಿತ್ತು. ಮಮ್ಮಿ ಕ್ಲಿನಿಕ್ಕಿನ ಕೆಲಸಕ್ಕೆ ಹೋಗುತ್ತಿದ್ದರು, ಡ್ಯಾಡಿ ಒಂದು ಖಾಸಗಿ ಇಂಗ್ಲಿಷ್ ಶಾಲೆಯ ಆಫೀಸಿನಲ್ಲಿದ್ದರು. ಆ ಕಾರಣಕ್ಕೇ ತಂಗಿಗೆ ಅದೇ ಶಾಲೆಯಲ್ಲಿ ಸೀಟು ಸಿಕ್ಕಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಆ ಶಾಲೆಯಲ್ಲಿ, ಅಮೆರಿಕದ ಕಾಲೇಜಿನ ಮೊದಲ ವರ್ಷದಲ್ಲಿ ಕಲಿಸುವ ಜೀವಶಾಸ್ತ್ರವನ್ನು ಹೈಸ್ಕೂಲಿನಲ್ಲೇ ಕಲಿಸುವ ಒಂದು ಕೋರ್ಸು ಶುರುವಾಯಿತು. ದೊಡ್ಡ ಕ್ಲಾಸಿನ ಆರು ಮಂದಿಗೆ ಮಾತ್ರ. ತಂಗಿ ಒಂದು ಕ್ಲಾಸು ಕೆಳಗಿದ್ದಳು. ಹಠ ಹಿಡಿದು ಟೀಚರ ಹಿಂದೆ ಬಿದ್ದು ಏಳನೆಯವಳಾಗಿ ಸೇರಿಕೊಂಡಳು. ಟೀಚರು ಒಂದು ಷರತ್ತು ಹಾಕಿದ್ದರು. ಮೊದಲ ಪ್ರಾಜೆಕ್ಟ್ ಸರಿಯಾಗಿ ಮುಗಿಸಿದರೆ ಕೋರ್ಸಿನಲ್ಲಿ ಉಳಿಯಬಹುದು, ಇಲ್ಲದಿದ್ದರೆ ವಾಪಸು.

ಪ್ರಾಜೆಕ್ಟು ಹಣ್ಣಿನ ನೊಣಗಳದ್ದು. ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ಆ ಸಾಸಿವೆಯಷ್ಟು ಸಣ್ಣ ನೊಣಗಳು. ಕೆಂಪು ಕಣ್ಣಿನದಕ್ಕೂ ಬಿಳಿ ಕಣ್ಣಿನದಕ್ಕೂ ಜೋಡಿ ಮಾಡಿ, ಮರಿಗಳಲ್ಲಿ ಎಷ್ಟಕ್ಕೆ ಯಾವ ಕಣ್ಣು ಎಂದು ಎರಡು ತಲೆಮಾರು ಎಣಿಸಬೇಕು. ಎಂಟು ಜಾಮ್ ಬಾಟಲಿ, ಬಾಯಿಗೆ ಹತ್ತಿ. ಹಾಲ್‌ನಲ್ಲಿ ಎ.ಸಿ. ಇದ್ದುದರಿಂದ ಬಾಟಲಿಗಳು ಅಲ್ಲೇ, ನಾನು ಮಲಗುವ ಸೋಫಾದ ಪಕ್ಕ.

ಬಾಳೆಹಣ್ಣು, ರವೆ, ಯೀಸ್ಟ್ ಬೇಯಿಸಿ ಅವುಗಳಿಗೆ ಅಡುಗೆ ಮಾಡುತ್ತಿದ್ದವಳು ನಾನು. ಹುಟ್ಟಿದ ಹೆಣ್ಣುಗಳನ್ನು ಗಂಡು ಮುಟ್ಟುವ ಮೊದಲೇ ಬೇರೆ ಮಾಡಬೇಕಿತ್ತು, ಅದಕ್ಕೆ ಬೆಳಿಗ್ಗೆ ಐದಕ್ಕೆ ಏಳಬೇಕು. ತಂಗಿಗೆ ಏಳಲು ಆಗುತ್ತಿರಲಿಲ್ಲ. ಬಾಟಲಿಯನ್ನು ಫ್ರೀಜರಿನಲ್ಲಿ ಮೀನಿನ ಪಕ್ಕ ಸ್ವಲ್ಪ ಹೊತ್ತು ಇಟ್ಟರೆ ನೊಣಗಳು ಮಂಕಾಗುತ್ತವೆ. ಆಮೇಲೆ ಬಿಳಿ ಪಿಂಗಾಣಿ ಬಸಿಯ ಮೇಲೆ ಸುರಿದು, ಬ್ರಷ್ಷಿನ ತುದಿಯಲ್ಲಿ ಒಂದೊಂದನ್ನೇ ಸರಿಸುವುದು. ಹೆಣ್ಣಿನ ಹಿಂಭಾಗ ಚೂಪು, ಗಂಡಿನದು ಮೊಂಡು ಮತ್ತು ಕಪ್ಪು. ಅಕ್ಕಿಯಿಂದ ಕಲ್ಲು ಹೆಕ್ಕಿ ಪಳಗಿದ ಕಣ್ಣು ನನ್ನದು. ತಂಗಿ ಲೆನ್ಸ್ ಹಿಡಿದು ತಪ್ಪಿದ್ದನ್ನು ನಾನು ಬರಿಗಣ್ಣಿನಲ್ಲಿ ಹಿಡಿಯುತ್ತಿದ್ದೆ.

ಮಮ್ಮಿ ಒಂದು ದಿನ ಕೆಲಸಕ್ಕೆ ಹೊರಡುತ್ತಾ ನೋಡಿ ನಿಂತರು. "ನೊಣಕ್ಕೆ ಗಂಡು ಹುಡುಕ್ಲಿಕ್ಕೆ ಕೂತಿದ್ದೀಯಾ? ಇಲ್ಲಿ ಇಪ್ಪತ್ತೆರಡು ದಾಟಿದವಳಿಗೆ ಇನ್ನೂ ಆಗಿಲ್ಲ" ಎಂದರು.

ನಾನು ನಕ್ಕೆ. ಆ ಐದು ವಾರ ನಾನು ಖುಷಿಯಲ್ಲಿದ್ದೆ, ಅದನ್ನೂ ಬರೆದುಬಿಡುತ್ತೇನೆ. ತಂಗಿ ಶಾಲೆಯಿಂದ ಬಂದು ಅಂದಿನ ಪಾಠವನ್ನು ನನಗೆ ಮನೆಮಾತು ಕೊಂಕಣಿಯಲ್ಲಿ ಹೇಳುತ್ತಿದ್ದಳು. ನೊಣ ಸಾಕುವ ನಿಯಮಗಳನ್ನು ಹೇಳಿ ಬರೆಸಿದಳು. ನಾನು ಅವಳ ಹಳೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮೂರನೆಯದು ಹೀಗಿತ್ತು: ಬಿಸಿ ತಾಗಬಾರದು, ಬಿಸಿಲಿಗೆ ಇಟ್ಟರೆ ಬೇಗ ಸಾಯುತ್ತವೆ.

ಒಂದು ಮಂಗಳವಾರ ಅವಳ ಕ್ಲಾಸಿನ ಇಬ್ಬರು ಹುಡುಗಿಯರು ಬಾಟಲಿ ನೋಡಲು ಬಂದರು. ಅಂದು ಬೆಳಿಗ್ಗೆ ನಾನು ಎಣಿಕೆಗೆಂದು ನಲವತ್ತು ಹೆಣ್ಣು ಬೇರೆ ಮಾಡಿದ್ದೆ. ಮಂಕಾದ ನೊಣಗಳಿದ್ದ ಬಸಿ ತಂದು ಅವರ ಮುಂದೆ ಇಟ್ಟೆ. ಒಬ್ಬಳು ಇಂಗ್ಲಿಷಿನಲ್ಲಿ, ನಿನ್ನ ಅಕ್ಕನೂ ಬಯಾಲಜಿ ಕಲಿಯುತ್ತಾಳಾ ಎಂದು ಕೇಳಿದಳು. ತಂಗಿ ನಕ್ಕಳು.

"ನೋ, ನೋ. ಶೀ ಜಸ್ಟ್ ಕ್ಲೀನ್ಸ್ ದ ಬಾಟಲ್ಸ್."

ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಅವರಿಗೆ ಶರಬತ್ತು ಮಾಡಲು ಒಳಗೆ ಹೋದೆ.

ಮರುದಿನ ಬುಧವಾರ. ಅಕ್ಟೋಬರ್ ಜಪಮಾಲೆಯ ತಿಂಗಳು. ಅಲ್ಲಿನ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಿಗೆ ದೇವಮಾತೆಯ ಪ್ರತಿಮೆ ದಿನಕ್ಕೊಂದು ಮನೆಯಂತೆ ಹೋಗುತ್ತದೆ, ಬಂದ ಮನೆಯಲ್ಲಿ ಸಂಜೆ ಎಲ್ಲರೂ ಕೂಡಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಅಂದು ನಮ್ಮ ಸರದಿ. ಮಾತೆಯ ಮುಂದೆ ನೊಣ ಬೇಡ, ಬಾಟಲಿಗಳನ್ನು ಬೆಡ್‌ರೂಮಿನಲ್ಲಿಡು ಎಂದು ಮಮ್ಮಿ ಹೇಳಿ ಹೋದರು. ಬೆಡ್‌ರೂಮಿನಲ್ಲೂ ಎ.ಸಿ. ಇತ್ತು. ಪ್ರಾಜೆಕ್ಟು ಶನಿವಾರ ಒಪ್ಪಿಸಬೇಕಿತ್ತು, ಎರಡನೆಯ ತಲೆಮಾರಿನ ಎಣಿಕೆ ಮಾತ್ರ ಬಾಕಿ.

ನಾನು ಎಂಟು ಬಾಟಲಿಗಳನ್ನು ಎರಡು ಸಲ ಮೆಟ್ಟಿಲು ಹತ್ತಿ ತಾರಸಿಗೆ ಒಯ್ದೆ. ನೀರಿನ ಟ್ಯಾಂಕಿನ ಪಕ್ಕ, ನೆರಳಿಲ್ಲದ ಕಡೆ ಸಾಲಾಗಿ ಇಟ್ಟೆ. ಆಗ ಹನ್ನೊಂದು ಗಂಟೆ. ಅಕ್ಟೋಬರಾದರೂ ಆ ಸಿಮೆಂಟಿನ ಮೇಲೆ ಚಪ್ಪಲಿ ಇಲ್ಲದೆ ನಿಲ್ಲಲು ಆಗುತ್ತಿರಲಿಲ್ಲ. ನೊಣಗಳು ಗಾಜಿನ ಮೇಲೆ ಏರಿ ಬಾಯಿಯ ಹತ್ತಿಯ ಕಡೆಗೆ ಬಂದವು. ನೋಡಿದೆ. ಕೆಳಗೆ ಬಂದು, ಮಾತೆಯನ್ನು ಇಡುವ ಪೀಠದ ಬಟ್ಟೆಗೆ ಇಸ್ತ್ರಿ ಹಾಕಿದೆ. ಹನ್ನೊಂದೂವರೆಗೆ ಹೋಗಿ ತರಬಹುದಿತ್ತು. ಬಟ್ಟೆಯ ಲೇಸನ್ನು ಇನ್ನೊಮ್ಮೆ ಇಸ್ತ್ರಿ ಮಾಡಿದೆ. ಒಂದು ಗಂಟೆಗೆ ಹೋದಾಗ ಎಲ್ಲ ತಳದಲ್ಲಿದ್ದವು.

ನೋಟ್‌ಬುಕ್ಕಿನಿಂದ ನಿಯಮಗಳಿದ್ದ ಆ ಪುಟ ಹರಿದು, ಮಡಿಚಿ, ಪೀಠದ ಬಟ್ಟೆಯ ಅಡಿ ಇಟ್ಟೆ.

ತಂಗಿ ಬಂದು ಬಾಟಲಿ ಎಲ್ಲಿ ಎಂದಳು. ಮೇಲೆ ಎಂದೆ. ಅವಳು ಕೆಳಗೆ ಬಂದಾಗ ಅಳುತ್ತಿರಲಿಲ್ಲ, ಒಂದು ಬಾಟಲಿಯನ್ನು ಸುಮ್ಮನೆ ಅಲುಗಾಡಿಸುತ್ತಿದ್ದಳು. ಡ್ಯಾಡಿ ಒಳಗೆ ಬಂದವರು ವಿಷಯ ತಿಳಿದು ನನ್ನ ಮುಖ ನೋಡಿದರು, ಆಮೇಲೆ ಅವಳನ್ನು.

"ಅವಳಿಗೆಂತ ಗೊತ್ತಾಗ್ತದೆ? ಏಳನೇ ಕಲಿತವಳು. ನೀನು ಸರಿ ಹೇಳಿಕೊಡ್ಬೇಕಿತ್ತು."

"ಹೌದು ಡ್ಯಾಡಿ, ನಂದೇ ತಪ್ಪು" ಎಂದಳು ತಂಗಿ. ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಹೇಳಿ ಬರೆಸಿದ್ದನ್ನು ಮರೆತಿದ್ದಳು. ಏಕೆಂದರೆ ನಾನು ಬರೆದದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಇದೇ ನನ್ನ ತಪ್ಪು, ಬಾಟಲಿ ಇಟ್ಟದ್ದಕ್ಕಿಂತ ದೊಡ್ಡದು. ಜೀವನವಿಡೀ ನನ್ನನ್ನು ಏನೂ ತಿಳಿಯದವಳು ಅಂದವರ ಮಾತಿನ ಹಿಂದೆಯೇ ನಾನು ಅಡಗಿ ಕೂತೆ. ಅಂದು ಸಂಜೆ ಆ ಬಟ್ಟೆಯ ಮುಂದೆ ಮೊಣಕಾಲೂರಿ ಜಪಮಾಲೆಯ ಐವತ್ತಮೂರು ಮಣಿಯನ್ನೂ ಹೇಳಿದೆ, ಎಲ್ಲರಿಗಿಂತ ಜೋರಾಗಿ.

ಶನಿವಾರ ಟೀಚರು, ಒಣಗಿ ಕಣ್ಣಿನ ಬಣ್ಣವೇ ಕಾಣದ ಆ ಸತ್ತ ನೊಣಗಳನ್ನು ತೆಗೆದುಕೊಳ್ಳಲಿಲ್ಲ. ತಂಗಿ ಹಳೆಯ ಕ್ಲಾಸಿಗೆ ವಾಪಸಾದಳು. ಮುಂದಿನ ವರ್ಷ ಯಾರು ಹೇಳಿದರೂ ಕೇಳದೆ ಕಾಮರ್ಸ್ ಹಿಡಿದಳು. ಈಗ ಅವಳು ವಿಮಾ ಕಂಪನಿಯಲ್ಲಿದ್ದಾಳೆ. ಜೀವಶಾಸ್ತ್ರದ ಪುಸ್ತಕ ಮತ್ತೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಎಲ್ಲರೂ ಊರಿನಲ್ಲಿ ಸೇರಿದ್ದೆವು. ಮಮ್ಮಿ ಹಪ್ಪಳದ ತಮಾಷೆ ತೆಗೆದರು. ನಾನು ಎದ್ದು ಹೋಗಿ, ಇಷ್ಟು ವರ್ಷ ಟ್ರಂಕಿನಲ್ಲಿ ಕಾಪಾಡಿದ್ದ ಆ ಪುಟ ತಂದು ತಂಗಿಯ ಬಟ್ಟಲಿನ ಪಕ್ಕ ಇಟ್ಟೆ.

ಅವಳು ಕನ್ನಡ ಓದುವುದು ನಿಧಾನ. ಮೂರನೆಯ ಸಾಲಿಗೆ ಬಂದು ನಿಂತಳು. "ಇದು ನಾನು ಹೇಳಿದ್ದಾ?"

"ನೀನೇ. ಬರ್ದದ್ದು ನಾನು. ಗೊತ್ತಿದ್ದೇ ಇಟ್ಟದ್ದು."

"ಅಕ್ಕಾ, ಯಾಕೆ?"

"ಬಾಟಲಿ ತೊಳಿಯುವವಳು ಅಂದಿಯಲ್ಲ."

ಮಮ್ಮಿ ನಡುವೆ ಬಂದು, ಹಳೇದು ಬಿಡಿ, ಅವಳಿಗೆ ಆಗ ಬುದ್ಧಿ ಇರಲಿಲ್ಲ ಅನ್ನತೊಡಗಿದರು.

"ಮಮ್ಮಿ, ಸುಮ್ಮನಿರಿ" ಎಂದಳು ತಂಗಿ. "ಬುದ್ಧಿ ಇತ್ತು ಅವಳಿಗೆ." ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಹತ್ರ ಮಾತಾಡ್ಬೇಡ ನೀನು."

ಎರಡು ದಿನ ಮಾತಾಡಲಿಲ್ಲ. ನಾನು ಕ್ಷಮೆ ಕೇಳಿದೆ, ಕೊಡಲಿಲ್ಲ. ಕೊಡದಿದ್ದದ್ದು ಸರಿ. ಇಷ್ಟು ವರ್ಷಗಳಲ್ಲಿ ಅವಳು ನನ್ನ ಮೇಲೆ ಸಿಟ್ಟು ಮಾಡಿದ್ದು ಅದೇ ಮೊದಲು, ಆ ಸಿಟ್ಟಿನ ಮುಂದೆ ನಾನು ತಲೆ ತಗ್ಗಿಸದೆ ಕೂತೆ. ಹೊರಡುವ ದಿನ ಅವಳು ಆ ಪುಟವನ್ನು ಮಡಿಚಿ ತನ್ನ ಬ್ಯಾಗಿನಲ್ಲಿ ಹಾಕಿಕೊಂಡಳು. ನಾನು ವಾಪಸು ಕೇಳಲಿಲ್ಲ.