ಹದಿನಾಲ್ಕು ನಂಬರಿನ ಉಂಗುರ

ಏಕಸಂಬಿಯ ಟೇಲರ್ ಭೀಮಸಿಗೆ ಟೇಪು ಬೇಕಾಗಿರಲಿಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳಿನ ಅಳತೆ ಇವನ ಬಾಯಲ್ಲಿರುತ್ತಿತ್ತು. ಕೊರಳಲ್ಲಿ ಟೇಪು ಜೋತಾಡುತ್ತಿದ್ದುದು ಬರೀ ಶೋಭೆಗೆ. ಅದರ ಸೊಕ್ಕೂ ಅವನಿಗಿತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟಾದರೂ ಬೇಡವೇ?

ಅಪ್ಪ ತೀರಿಕೊಂಡಾಗ ಇವನಿಗೆ ಹದಿನಾರು, ತಂಗಿ ಸುಂದರಾಗೆ ನಾಲ್ಕು. ಅಂದಿನಿಂದ ಅವಳ ಲಂಗ, ಚಪ್ಪಲಿ, ಬಳೆ, ಕಾಲೇಜಿನ ಚೀಲದ ಬಣ್ಣ ಕೂಡ ಇವನೇ ಆರಿಸಿದ್ದು. ಅಂಗಡಿಗೆ ಹೋದರೆ ಅವಳು ವಸ್ತು ನೋಡುತ್ತಿರಲಿಲ್ಲ, ಅಣ್ಣನ ಮುಖ ನೋಡುತ್ತಿದ್ದಳು. ಅವಳನ್ನೊಂದು ದಡ ಸೇರಿಸುವ ತನಕ ತನ್ನ ಮದುವೆಯ ಮಾತನ್ನು ಅವನು ಎತ್ತಲೇ ಇಲ್ಲ.

೨೦೦೯ರಲ್ಲಿ ಯಡೂರಿನ ಮಲಕಾರಿಯೊಂದಿಗೆ ಅವಳ ಮದುವೆ ಗೊತ್ತಾಯಿತು. ಹುಡುಗ ಲೈನಮನ್, ಖಾಯಂ ನೌಕರಿ, ಚಟವಿಲ್ಲ. ಹುಡುಕಿದವನೂ ಭೀಮಸಿಯೇ. ಆದರೆ ಗೊತ್ತಾದ ಮರುದಿನದಿಂದ ಅವನಿಗೆ ಹುಡುಗನನ್ನು ಕಂಡರಾಗದು! ಸಂಜೆಯಾದರೆ ಸುಂದರಾ ಮೊಬೈಲು ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿಂದ ಅವಳ ನಗು ಕೇಳಿಸಿದರೆ ಇವನು ಮಷಿನ್ನಿನ ಪೆಡಲನ್ನು ಜೋರಾಗಿ ತುಳಿಯುತ್ತಿದ್ದ. ಮುಚ್ಚುಮರೆ ಯಾಕೆ, ಅದು ಹೊಟ್ಟೆಕಿಚ್ಚೇ.

ಸಾಖರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಎಂಟು ದಿನ ಉಳಿದಾಗ ಉಂಗುರ ತರಲು ಅಣ್ಣ, ತಂಗಿ, ಮಲಕಾರಿ ಮೂವರೂ ನಿಪ್ಪಾಣಿಗೆ ಹೋದರು. ಇನ್ನು ಮುಂದೆ ಏನಿದ್ದರೂ ಮಲಕಾರಿಯದೇ ಮಾತು, ಇದೊಂದಾದರೂ ತಾನು ಹೇಳಿದಂತಾಗಲಿ ಎಂದು ಭೀಮಸಿ ದಾರಿಯುದ್ದಕ್ಕೂ ಹಟ ಹಿಡಿದು ಕೂತಿದ್ದ.

ಅಂಗಡಿಯ ಸರಾಫ ತವನಪ್ಪ ಅಳತೆಯ ಉಂಗುರಗಳ ಗೊಂಚಲು ತೆಗೆದ.

"ಅಳತಿ ಯಾಕ್ರಿ?" ಅಂದ ಭೀಮಸಿ. "ನಮ್ಮ ತಂಗೀ ಬೆರಳ ನನಗ ಗೊತ್ತಿಲ್ಲೇನ್ರಿ? ಹನ್ನೆರಡು ನಂಬರ ತೋರಸ್ರಿ."

ಹನ್ನೆರಡರ ಉಂಗುರ ಬೆರಳ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಭೀಮಸಿ ಒತ್ತಿದ. ಸುಂದರಾ ಹಲ್ಲು ಕಚ್ಚಿದಳು.

"ಬಿಡ್ರಿ ಅಣ್ಣಾರ, ಹದಿನಾಕ ಬೇಕಾಗತೈತಿ," ಎಂದ ಮಲಕಾರಿ ಮೆಲ್ಲಗೆ.

"ನಿಮಗ ಹೆಂಗ ಗೊತ್ತು?"

"ಫೋನಿನ್ಯಾಗ ಕೇಳಿದ್ನಿರಿ. ಬೆರಳಿಗೆ ದಾರ ಸುತ್ತಿ, ಸ್ಕೇಲಪಟ್ಟೀ ಮ್ಯಾಲಿಟ್ಟು ಅಳತಿ ಹೇಳಿದ್ಲು. ನಮ್ಮೂರಾಗ ಬಂಗಾರದ ಕೆಲಸ ಮಾಡೋ ಪತ್ತಾರ ಹದಿನಾಕ ಅಂದ."

ಹದಿನಾಲ್ಕು ಸಲೀಸಾಗಿ ಕೂತಿತು. ಊರ ಮಂದಿಯ ಮೈಯನ್ನೆಲ್ಲ ಕಣ್ಣಲ್ಲೇ ಅಳೆದವನು ಒಡಹುಟ್ಟಿದವಳ ಬೆರಳಿನಲ್ಲಿ ಸೋತ. ಅದೂ ಯಾರ ಮುಂದೆ? ಕರೆಂಟಿನ ಕಂಬ ಹತ್ತುವವನ ಮುಂದೆ! ಮಲಕಾರಿಯ ಕೆನ್ನೆಗೊಂದು ಬಾರಿಸಬೇಕೆನಿಸಿತು. ಹುಡುಗನದು ತಪ್ಪೇನೂ ಇರಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಅಷ್ಟರಲ್ಲಿ ಗಂಡಸರ ಉಂಗುರ ತೋರಿಸಲು ಮಲಕಾರಿಯನ್ನು ಆಚೆ ಕೌಂಟರಿಗೆ ಕರೆದರು. ಭೀಮಸಿಗೆ ಹೋದ ಜೀವ ಬಂದಂತಾಯಿತು. ಕೊನೆಗೂ ಅಣ್ಣ ತಂಗಿ ಇಬ್ಬರೇ ಉಳಿದಿದ್ದರು.

ಸುಂದರಾ ಹತ್ತಾರು ಉಂಗುರ ಹಾಕಿ ತೆಗೆದು ಎರಡನ್ನು ಬದಿಗಿಟ್ಟಳು. ಒಂದು ಹೂವಿನದು, ಇನ್ನೊಂದು ಸಾದಾ. ಭೀಮಸಿಯ ಮನಸ್ಸು ಹೂವಿನದರ ಮೇಲೆ ಕೂತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವಳೇ ಕೇಳಲಿ ಎಂದು ಬಿಗುಮಾನದಿಂದ ನಿಂತ. ಕೇಳದೆ ಎಲ್ಲಿ ಹೋಗುತ್ತಾಳೆ?

ಅವಳು ಅದನ್ನೊಮ್ಮೆ ಇದನ್ನೊಮ್ಮೆ ನೋಡಿ ಸಾಕಾಗಿ, ಎರಡನ್ನೂ ತಟ್ಟೆಯಲ್ಲಿಟ್ಟು ತವನಪ್ಪನತ್ತ ಸರಿಸಿದಳು. "ನಮ್ಮವರಿಗೊಮ್ಮೆ ತೋರಸ್ರಿ. ಅವ್ರು ಯಾವ್ದು ಅಂತಾರ, ಅದ ಇರ್ಲಿ."

ಭೀಮಸಿಯ ಮುಖ ಅರಳಿತು. ನಮ್ಮವರು! ಅವಳಿಗೆ ನಮ್ಮವರು ಅಂತ ಈ ಭೂಮಿಯ ಮೇಲೆ ಇದ್ದವರೇ ಇಬ್ಬರು. ಅವರಲ್ಲಿ ಅವ್ವ ಹೊಳೆವ್ವ ಮನೆಯಲ್ಲಿದ್ದಾಳೆ. ಅಂದಮೇಲೆ ಇನ್ಯಾರು? ಮಲಕಾರಿಗೂ ಕೇಳಿಸಲೆಂದು ದೊಡ್ಡದಾಗಿ ಕೆಮ್ಮಿ ಕೈ ಚಾಚಿದ.

ತವನಪ್ಪ ಆ ಕೈಯನ್ನು ದಾಟಿ ಆಚೆ ಕೌಂಟರಿಗೆ ಹೋಗಿ, ತಟ್ಟೆಯನ್ನು ಮಲಕಾರಿಯ ಮುಂದಿಟ್ಟ.

ಭೀಮಸಿ ತಂಗಿಯತ್ತ ತಿರುಗಿದ. ತಪ್ಪಾಯಿತು, ಅಣ್ಣನಿಗೆ ತೋರಿಸಿ ಅಂದದ್ದು ಎಂದು ಅವಳು ತವನಪ್ಪನಿಗೆ ಹೇಳಬಹುದೆಂದು ಒಂದು ಗಳಿಗೆ ಕಾದ. ಸುಂದರಾಗೆ ಇವನ ಕೈ ಕಂಡೇ ಇರಲಿಲ್ಲ. ಮಲಕಾರಿ ಯಾವುದನ್ನು ಎತ್ತಿಕೊಳ್ಳುತ್ತಾನೆಂದು ಅವಳು ಅವನ ಮುಖವನ್ನೇ ನೋಡುತ್ತಿದ್ದಳು.