ಸುಣ್ಣದ ಕೆಳಗಿನ ಹೆಸರು

ಅಕ್ಕುತಾಯಿ ಐಗಳಿಯಲ್ಲಿ ನರ್ಸಬಾಯಿ. ಸ್ವಂತ ಮನೆ ಮಾತ್ರ ನಿಪ್ಪಾಣಿಯಲ್ಲಿ. ಅವಳ ಅವ್ವ ಜನಾಬಾಯಿ ಮೂವತ್ತು ವರ್ಷ ತಂಬಾಕಿನ ವಖಾರಿಯಲ್ಲಿ ದುಡಿದು, ಕೆಮ್ಮುತ್ತಲೇ ಒಂದು ಜಾಗ ಹಿಡಿದಿದ್ದಳು. ಗೋಡೆ ಏಳುವುದನ್ನು ನೋಡಲು ಅವಳು ಉಳಿಯಲಿಲ್ಲ. ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಅಕ್ಕುತಾಯಿ ಎರಡು ಖೋಲಿ, ಒಂದು ಅಡಿಗೆಮನೆ ಕಟ್ಟಿಸಿದಳು. ಬಾಗಿಲ ಮೇಲೆ ಕರಿಕಲ್ಲು ಕೂರಿಸಿ ‘ಜನಾಬಾಯಿ’ ಎಂದು ಕೆತ್ತಿಸಿದಳು. ವರ್ಷ ತುಂಬುವುದರೊಳಗೆ ಐಗಳಿಗೆ ವರ್ಗವಾಯಿತು.

ಮನೆಯನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವ ಜವಾಬ್ದಾರಿಯನ್ನು ಓಣಿಯ ಜಕ್ಕಪ್ಪ ವಹಿಸಿಕೊಂಡ. ಅದೇ ವಖಾರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಜನಾಬಾಯಿಯನ್ನು ಬಲ್ಲವನು. ಅಕ್ಕುತಾಯಿ ಅವನನ್ನು ಕಾಕಾ ಎನ್ನುತ್ತಿದ್ದಳು. ಬಾಡಿಗೆ ಹಣದ ಜೊತೆ ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿತ್ತು: ಬಾಡಿಗಿಯವರು ಚಲೋ ಮಂದಿ, ನೀ ಬರೂ ತ್ರಾಸ ತಗೋಬ್ಯಾಡ. ಎಷ್ಟು ಕಾಳಜಿಯ ಮನುಷ್ಯ ಎಂದುಕೊಂಡು ಅವಳು ಎರಡು ವರ್ಷ ಆ ಕಡೆ ಹಾಯಲಿಲ್ಲ.

ಎಂಬತ್ತೇಳರ ಮಳೆಗಾಲ ಮುಗಿದಾಗ, ಹಿಂದಿನ ಗೋಡೆ ಉಬ್ಬಿದೆ ಎಂದು ಕಾಗದ ಬಂತು. ಗೋಡೆಯನ್ನು ಕಣ್ಣಾರೆ ನೋಡಬೇಕೆನಿಸಿ ರಜೆ ಹಾಕಿದಳು. ಅಥಣಿಯಲ್ಲಿ ಒಂದು ಬಸ್ಸು ಬದಲಿಸಿ, ಚಿಕ್ಕೋಡಿಯಲ್ಲಿ ಇನ್ನೊಂದು ಹಿಡಿದು, ಮಧ್ಯಾಹ್ನಕ್ಕೆ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತಳು.

ಬಾಡಿಗೆದಾರ ಧರೆಪ್ಪನ ಹೆಂಡತಿ ಕಸ್ತೂರೆವ್ವ ಬಾಗಿಲು ತೆರೆದಳು.

“ಗ್ವಾಡಿ ನೋಡಾಕ ಬಂದೀನ್ರಿ,” ಎಂದಳು ಅಕ್ಕುತಾಯಿ.

“ಮಾಲಕರು ಕಳಿಸ್ಯಾರೇನು?”

“ಯಾವ ಮಾಲಕರು?”

“ಜಕ್ಕಪ್ಪ ಕಾಕಾರು. ಮನಿ ಅವರದ ಅಲ್ಲ? ಗೌಂಡಿ ಕೈಯಾಗಿನ ಹೆಣ್ಮಗಳು ನೀ?”

ಬಸ್ಸಿನ ದೂಳಿಗೆ ಬಾಯಿ ಒಣಗಿತ್ತು; ಉತ್ತರಿಸುವ ಮೊದಲು ಅಕ್ಕುತಾಯಿ ನೀರು ಕೇಳಿದಳು. ಕಸ್ತೂರೆವ್ವ ಒಳಗೆ ಹೋಗುವ ಮೊದಲು, “ಯಾವ ಮಂದಿ ನೀವು?” ಎಂದಳು.

“ನಾವು ಬೌದ್ಧರು.” ದಲಿತರೆಂದು ಕಸ್ತೂರೆವ್ವನಿಗೆ ಅಷ್ಟರಲ್ಲೇ ತಿಳಿಯಿತು.

ನೀರು ಬಂತು. ಹಿತ್ತಲಿನ ಗೂಡಿನಲ್ಲಿಟ್ಟಿದ್ದ, ಕಿವಿ ಮುರಿದ ಕಪ್ಪಿನಲ್ಲಿ ಬಂತು. ಕಸ್ತೂರೆವ್ವ ಅದನ್ನು ಕೈಗೆ ಕೊಡಲಿಲ್ಲ, ಹೊಸ್ತಿಲಾಚೆ ಇಟ್ಟಳು.

ಆಗಲೇ ಅಕ್ಕುತಾಯಿ ತಲೆ ಎತ್ತಿದ್ದು. ಬಾಗಿಲ ಮೇಲಿನ ಕಲ್ಲಿಗೆ ದಪ್ಪಗೆ ಸುಣ್ಣ ಮೆತ್ತಲಾಗಿತ್ತು. ಅವ್ವನ ಹೆಸರಿನ ಒಂದಕ್ಷರವೂ ಕಾಣುತ್ತಿರಲಿಲ್ಲ. ನೀರು ಮುಟ್ಟದೆ ನೆಟ್ಟಗೆ ಜಕ್ಕಪ್ಪನ ಮನೆಗೆ ನಡೆದಳು.

ಊಟ ಮಾಡಿ ಅಡ್ಡಾಗಿದ್ದ ಜಕ್ಕಪ್ಪ ಎದ್ದು ಕುಳಿತ. “ಬರ್ತೀನಂತ ಒಂದ್ ಕಾಗದ ಹಾಕಬೇಕಿಲ್ಲೋ, ತಾಯಿ?”

“ಮನಿ ಯಾರದು, ಕಾಕಾ?”

ಅವನಿಗೆ ಅರ್ಥವಾಯಿತು. ನಾಚಿಕೆಯೇನೂ ಆದಂತೆ ಕಾಣಲಿಲ್ಲ. “ನಿನ್ನ ಹೆಸರ ಹೇಳಿದ್ರ ಯಾರ್ ಬರ್ತಿದ್ರು ಹೇಳು? ಮನಿ ಬೀಗ ಹಾಕ್ಕೊಂಡ ಕುಂದರ್ತಿತ್ತು. ನಿನ್ನ ಒಳ್ಳೇದಕ್ಕ ಮಾಡೀನಿ.”

“ಅವ್ವನ ಹೆಸರಿಗೆ ಸುಣ್ಣ ಬಳದದ್ದೂ ನನ್ನ ಒಳ್ಳೇದಕ್ಕ?”

“ಮಂದಿ ಓದ್ತಾರಲ್ಲವಾ.”

“ಓದಲಿ. ಓದಲಿ ಅಂತನ ಕೆತ್ತಿಸೀನಿ. ಇನ್ನ ಮ್ಯಾಲೆ ನನ್ನ ಒಳ್ಳೇದು ನೀವು ಮಾಡಬ್ಯಾಡ್ರಿ.”

ಅವನ ಅಂಗಳದಲ್ಲಿ ಬಿದ್ದಿದ್ದ, ಕಳೆ ತೆಗೆಯುವ ಕುರ್ಪಿಯನ್ನು ಕೇಳದೆಯೇ ಎತ್ತಿಕೊಂಡಳು. ಮನೆ ಮುಂದೆ ಕಟ್ಟೆಯ ಮೇಲೆ ಹತ್ತಿ ನಿಂತು ಕೆರೆಯತೊಡಗಿದಳು. ಸುಣ್ಣ ಕಣ್ಣಿಗೆ, ಬಾಯಿಗೆ ಉದುರಿತು. ಐಗಳಿಯಲ್ಲಿ ಈ ಕೈಗಳು ಎಷ್ಟು ಕೂಸು ಹಿಡಿದಿದ್ದವೋ. ಹೆರಿಗೆಯ ಬ್ಯಾನಿ ತಿನ್ನುವಾಗ ಯಾರೂ ಜಾತಿ ಕೇಳುತ್ತಿರಲಿಲ್ಲ. ಕೂಸು ಅತ್ತ ಮೇಲೆ ಅದೇ ಮನೆಗಳಲ್ಲಿ ಅವಳಿಗೆ ಚಹಾ ಪಡಸಾಲೆಯ ಹೊರಗೆ ಬರುತ್ತಿತ್ತು. ಅದನ್ನು ಅವಳು ನುಂಗಿಕೊಂಡಿದ್ದಳು, ಅದು ಅವರ ಮನೆ ಎಂದು. ಇದು ಯಾರ ಮನೆ?

ಓಣಿ ನೆರೆಯಿತು. ಕಸ್ತೂರೆವ್ವ ಬಾಗಿಲ ಸಂದಿಯಲ್ಲಿ ನಿಂತೇ ಇದ್ದಳು. ಕಡೆಯ ಅಕ್ಷರ ಬಯಲಾದಾಗ ಅಕ್ಕುತಾಯಿ ಕೆಳಗಿಳಿದು ಹೇಳಿದಳು: “ಈಕಿ ನಮ್ಮವ್ವ. ಈ ಮನಿ ನಂದು. ಇರ್ತೀರಿ ಅಂದ್ರ ಇರ್ರಿ, ಆ ಕಪ್ಪ ಮಾತ್ರ ಹೊರಗ ಒಗೀರಿ.”

ಅವರು ಉಳಿಯಲಿಲ್ಲ. ಹದಿನೈದು ದಿನದಲ್ಲಿ ಖಾಲಿ ಮಾಡಿ, ಕೀಲಿಕೈಯನ್ನು ಜಕ್ಕಪ್ಪನ ಬಳಿ ಕೊಟ್ಟು ಹೋದರು.

ಎಂಟು ತಿಂಗಳು ಮನೆ ಖಾಲಿ ಬಿತ್ತು. ಗೋಡೆಯನ್ನು ಅಕ್ಕುತಾಯಿಯೇ ಗೌಂಡಿ ಹಚ್ಚಿ ಕಟ್ಟಿಸಿದಳು. ಎರಡು ವಾರಕ್ಕೊಮ್ಮೆ ಮೂರು ಬಸ್ಸು ಹತ್ತಿ ಬಂದು, ಕಸ ಹೊಡೆದು, ಕಟ್ಟೆಯ ಮೇಲೆ ಕೂರುತ್ತಿದ್ದಳು. ಕೇಳಲು ಬಂದವರಿಗೆ ಮೊದಲು ತಾನು ಯಾರೆಂದು ಹೇಳುತ್ತಿದ್ದಳು. ಮನೆಯಲ್ಲಿ ಕೇಳಿ ಹೇಳ್ತೀವಿ ಎಂದು ಹೋದವರು ಹೋದರು. ಸೋತು ಸುಮ್ಮನಾಗಲೇ ಎಂದು ಎರಡು ಸಲ ಅನಿಸಿದ್ದುಂಟು; ಆಗೆಲ್ಲ ಆ ಕಿವಿ ಮುರಿದ ಕಪ್ಪು ಕಣ್ಣಿಗೆ ಕಟ್ಟುತ್ತಿತ್ತು.

ಬೇಸಿಗೆಯಲ್ಲಿ ಲಕ್ಷ್ಮಿಬಾಯಿ ಬಂದಳು. ಮುಗಳಖೋಡದ ವಿಧವೆ, ಟೆಲಿಫೋನ್ ಆಫೀಸಿಗೆ ಹೊಸದಾಗಿ ಬಂದವಳು, ಜೊತೆಗೆ ಎರಡು ಹೆಣ್ಣುಮಕ್ಕಳು. ಅಕ್ಕುತಾಯಿ ಹೇಳುವುದನ್ನೆಲ್ಲ ಹೇಳಿದಳು. ಲಕ್ಷ್ಮಿಬಾಯಿ ಕೇಳಿಸಿಕೊಂಡು, “ಆತ್ರಿ. ನಳದ ನೀರ ಎಷ್ಟೊತ್ತಿಗೆ ಬರ್ತಾವ್ರಿ?” ಎಂದಳು.

ಅವಳು ಒಂಬತ್ತು ವರ್ಷ ಇದ್ದಳು. ಅಕ್ಕುತಾಯಿ ಬಂದಾಗಲೆಲ್ಲ ಅಡಿಗೆಮನೆಯಲ್ಲೇ ಕೂತು ಇಬ್ಬರೂ ರೊಟ್ಟಿ ತಿನ್ನುತ್ತಿದ್ದರು.

ಜಕ್ಕಪ್ಪ ಮಾತ್ರ ಸಾಯುವ ತನಕ ಓಣಿಯಲ್ಲಿ, ಪಾಪ, ಆ ಹುಡುಗಿಗೆ ಬಾಡಿಗಿಯವರನ್ನ ಹುಡುಕಿಕೊಟ್ಟಾಂವ ನಾನ ಎಂದು ಹೇಳಿಕೊಂಡು ತಿರುಗಿದ. ಆ ಮಾತು ನೆನಪಾದರೆ ಅಕ್ಕುತಾಯಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.